ಹೋದದ್ದಾ, ಎಳೆದದ್ದಾ

ದೇಶದಲ್ಲಿ ಅಪರಾಧ ಏರಿತೋ ಇಳಿಯಿತೋ ಎಂದು ದಿಲ್ಲಿಯವರು ತಲೆಕೆಡಿಸಿಕೊಂಡರೆ, ಅದಕ್ಕಾಗಿ ಚಪ್ಪಲಿ ಸವೆಸುವ ಕೆಲಸ ಕೆಮ್ಮಣ್ಣು ಊರಿನ ಆನ್ಸಿಲ್ಲಾಳದು. ಸಮೀಕ್ಷೆಯ ಟ್ಯಾಬ್ ಹಿಡಿದು ಮನೆಮನೆ ಹತ್ತಿ ಅವಳು ಕೇಳುವುದು ಎರಡೇ ಪ್ರಶ್ನೆ: ಒಂಟಿಯಾಗಿ ನಡೆಯಲು ಭಯ ಉಂಟಾ? ಈ ವರ್ಷ ಏನಾದರೂ ಕಳವಾಗಿದೆಯಾ? ಮೂವತ್ತು ವರ್ಷ ಬಾಲವಾಡಿಯಲ್ಲಿ ಮಕ್ಕಳಿಗೆ ಕುಣಿದು ಹಾಡು ಹೇಳಿಕೊಟ್ಟವಳು ಈಗ ಕಂಡಕ್ಟರು ಊರಿನ ಹೆಸರು ಒದರುವ ಹಾಗೆ ಪ್ರಶ್ನೆ ಓದುತ್ತಾಳೆ.

ಫೆಬ್ರವರಿಯ ಒಂದು ಮಟಮಟ ಮಧ್ಯಾಹ್ನ ಸಂತೆಕಟ್ಟೆಯ ಬಸ್‌ಸ್ಟಾಪಿನಲ್ಲಿ ಬೈಕಿನವರಿಬ್ಬರು ಅವಳ ಕುತ್ತಿಗೆಗೆ ಕೈಹಾಕಿ, ಅಮ್ಮ ಕೊಟ್ಟ ಶಿಲುಬೆಯ ಸರ ಕಿತ್ತುಕೊಂಡು ಹೋದರು. ಠಾಣೆಯಲ್ಲಿ "ಎಂತ ಆಯ್ತು?" ಎಂದಾಗ ಅವಳ ಬಾಯಿಂದ ಬಂದದ್ದು, "ಸರ ಹೋಯ್ತು." ನಮ್ಮ ಕಡೆ ಎಲ್ಲವೂ ಹೋಗುವುದೇ. ಕರೆಂಟು ಹೋಗುತ್ತದೆ, ಮಾನ ಹೋಗುತ್ತದೆ. ಬರೆಯುವವನು 'ಕಳೆದುಹೋದ ವಸ್ತು' ಎಂದು ಬರೆದು ಚೀಟಿ ಕೊಟ್ಟ. ತಿದ್ದಬೇಕಿತ್ತು, ತಿದ್ದಲಿಲ್ಲ. ಗಂಡ ರೊಸಾರಿಯೊ ಪಾಪ, ಬಿದ್ದುಹೋಯಿತೆಂದೇ ನಂಬಿ ಈಗಲೂ ಆ ಬಸ್‌ಸ್ಟಾಪಿನ ಹುಲ್ಲಿನಲ್ಲಿ ಹುಡುಕುತ್ತಾನೆ. ಅವಳಿಗೆ ಅಂದಿನಿಂದ ಅಳುವೂ ಬಂದಿಲ್ಲ, ಸಿಟ್ಟೂ ಬಂದಿಲ್ಲ.

ಮೊನ್ನೆ ಅಲೆವೂರಿನ ನಿವೃತ್ತ ಟೀಚರ್ ಮನೋರಮಾ ಅವರ ಸರದಿ.

"ಭಯ ಎಂತದ್ದು ಬಾಯಮ್ಮ, ನಮ್ಮ ಊರು ಒಳ್ಳೆಯದೇ."

"ಕಳವು?"

"ಇಲ್ಲಪ್ಪ. ಏಪ್ರಿಲಿನಲ್ಲಿ ಕರಿಮಣಿ ಸರ ಹೋಯ್ತು, ಅಷ್ಟೆ."

ಆನ್ಸಿಲ್ಲಾಳ ಬೆರಳು ಅಭ್ಯಾಸಬಲದಿಂದ 'ಇಲ್ಲ'ದ ಮೇಲೆ ಹೋಯಿತು. ಹಾಗೆಯೇ ನಿಂತಿತು. ಎಷ್ಟು ಮನೆಗಳ 'ಹೋಯ್ತು'ಗೆ ತಾನು ಹೀಗೆ 'ಇಲ್ಲ' ಒತ್ತಿದ್ದೇನೋ! ಟ್ಯಾಬಿನಲ್ಲಿಲ್ಲದ ಪ್ರಶ್ನೆಯೊಂದನ್ನು ಅವಳು ಕೇಳಿಯೇ ಬಿಟ್ಟಳು.

"ಹೋದದ್ದಾ ಟೀಚರ್, ಎಳೆದದ್ದಾ?"

ಮನೋರಮಾ ಸೆರಗನ್ನು ಕುತ್ತಿಗೆಯ ಸುತ್ತ ಎಳೆದುಕೊಂಡರು. ಒಳಗೆ ಗಂಡ ಪೇಪರು ಮಗುಚುವ ಸದ್ದು.

"ಎಳೆದದ್ದು," ಎಂದರು ಮೆಲ್ಲನೆ. "ಇವರಿಗೆ ಬಾವಿಗೆ ಬಿತ್ತು ಅಂತ ಹೇಳಿದ್ದೇನೆ." ಆಮೇಲೆ ಕಣ್ಣು ಸಣ್ಣದು ಮಾಡಿ ನೋಡಿದರು. "ನಿಮ್ಮ ಕುತ್ತಿಗೆಯಲ್ಲೂ ಗೆರೆ ಉಂಟಲ್ವಾ?"

ಆನ್ಸಿಲ್ಲಾ 'ಹೌದು' ಒತ್ತಿದಳು. ಅದು ಮನೋರಮಾ ಅವರದ್ದು. ಅವಳ ಸ್ವಂತ ಮನೆ ಸಮೀಕ್ಷೆಯ ಪಟ್ಟಿಯಲ್ಲೇ ಇಲ್ಲ. ಅವಳನ್ನು ಕೇಳಲು ಯಾರೂ ಬರುವುದಿಲ್ಲ.

"ನಂದೂ ಎಳೆದದ್ದೇ," ಎಂದಳು.

ಹೇಳಿದ ಮೇಲೆ ಟ್ಯಾಬನ್ನು ಚೀಲಕ್ಕೆ ಹಾಕಿ ಗೇಟಿನವರೆಗೆ ಹೋದಳು. ಅಲ್ಲಿಂದ ಜಗಲಿಗೆ ತಿರುಗಿ ಬಂದಳು. ಫೆಬ್ರವರಿಯಲ್ಲಿ ಬರಬೇಕಾಗಿದ್ದ ಹೆದರಿಕೆ ಈಗ ಬಂದಿತ್ತು. ಹೊರಗೆ ಹನ್ನೊಂದು ಗಂಟೆಯ ಬಿಸಿಲು, ಗೇಟಿನಿಂದ ಬಸ್‌ಸ್ಟಾಪು ನೂರು ಹೆಜ್ಜೆ.

"ಟೀಚರ್, ಅಲ್ಲಿವರೆಗೆ ಒಟ್ಟಿಗೆ ಬರ್ತೀರಾ?" ಎಂದಳು. "ನನಗೆ ಒಬ್ಬಳೇ ನಡೆಯಲು ಭಯ ಉಂಟು."