ಮೊಮ್ಮಗನ ಗೆಳೆಯನನ್ನು ಬ್ಯಾರನ್ ಹತ್ತಿಸಿದ್ದು

ನನ್ನ ಓದುಬರಹ ಅಷ್ಟಕ್ಕಷ್ಟೆ. ಆದರೂ ಇದನ್ನು ಬರೆಯದಿದ್ದರೆ ಹೊಟ್ಟೆಯೊಳಗಿನ ಖುಷಿ ಹಾಲು ಉಕ್ಕಿದ ಹಾಗೆ ಉಕ್ಕಿ ಚೆಲ್ಲಿಹೋಗುತ್ತದೆ. ನಾನು ಸೇಡು ತೀರಿಸಿಕೊಂಡೆ. ಅದೂ ಹಾಡಹಗಲಲ್ಲಿ, ಕೂಲಿಗೆ ಬಂದ ಹೆಂಗಸರೆಲ್ಲ ನೋಡುತ್ತಿರುವಾಗ.

ಮೊಮ್ಮಗ ಗಾಂಜಾಕ್ಕೆ ಬಿದ್ದಿದ್ದ. ಕಾಲೇಜಿಗೆಂದು ಹುಣಸೂರಿನ ಬಸ್ಸು ಹತ್ತಿದವನು ಹೊಳೆದಂಡೆಯಲ್ಲಿ ಕೂತು ಹೊಗೆ ಎಳೆಯುತ್ತಿದ್ದ. ಎಳೆಯಲು ಕಲಿಸಿದವನೂ ತಂದುಕೊಡುತ್ತಿದ್ದವನೂ ಒಬ್ಬನೇ, ನಮ್ಮ ಮನೆಯಲ್ಲೇ ಎಷ್ಟೋ ಸಲ ಮುದ್ದೆ ಉಂಡ ಗೆಳೆಯ. ಮೈಸೂರಿನಲ್ಲಿ ಚಟ ಬಿಡಿಸಿ ಕರೆತರುವಾಗ ಡಾಕ್ಟರಮ್ಮ ನನ್ನ ಕೈ ಹಿಡಿದು ಹೇಳಿದ್ದರು: ಹಳೆಯ ಸಹವಾಸ ದೂರವಿಡಿ, ಆಸೆ ಜ್ವರದ ಹಾಗೆ ಏರುತ್ತದೆ, ತಡೆದುಕೊಂಡರೆ ಇಳಿಯುತ್ತದೆ, ಇಳಿಯುವ ತನಕ ಕೈಗೆ ಕೆಲಸ ಕೊಟ್ಟು ಪಕ್ಕದಲ್ಲಿರಿ. ಹಾಗೇ ಮಾಡಿದೆ. ಅವನು ಬೆವರಿ ಚಡಪಡಿಸಿದಾಗಲೆಲ್ಲ ಹೊಗೆಸೊಪ್ಪು ಪೋಣಿಸಲು ಕೂರಿಸಿಕೊಂಡೆ.

ಬ್ಯಾರನ್‌ಗೆ ಅಂದರೆ ಹೊಗೆಸೊಪ್ಪನ್ನು ಶಾಖಕ್ಕಿಟ್ಟು ಒಣಗಿಸುವ ಎತ್ತರದ ಮನೆಗೆ ಸೊಪ್ಪು ತುಂಬುವ ದಿನ ಆ ಗೆಳೆಯ ಬೈಕಿನಲ್ಲಿ ಬಂದಿಳಿದ.

"ಅಜ್ಜಿ, ಚೆಂದಾಗಿದ್ದೀರಾ? ಇವನ್ನ ಒಸಿ ಪೇಟೆಗೆ ಕರ್ಕೊಂಡೋಯ್ತೀನಿ."

ಮೊಮ್ಮಗನ ಕಣ್ಣು ಗೆಳೆಯನ ಅಂಗಿಯ ಜೇಬಿನ ಮೇಲಿತ್ತು. ನಾನು ಬೈದಿದ್ದರೆ ಇಬ್ಬರೂ ಬೈಕ್ ಹತ್ತಿ ಹೋಗಿಬಿಡುತ್ತಿದ್ದರು.

"ಓಗೀರಂತೆ ಕಣಪ್ಪ. ಬ್ಯಾರನ್ ಮೇಲಕ್ಕೆ ಒಂದಾಳು ಕಮ್ಮಿ ಅದೆ. ಹತ್ತೀಯಾ?"

"ಬುಡಿ ಅಜ್ಜಿ, ಇವ್ನ ಕೈಲಿ ಎಲ್ಲಾದ್ರೂ ಆದದಾ!" ಎಂದು ಹೆಂಗಸರು ನಕ್ಕರು. ಅವನಿಗೆ ರೋಷ ಬಂತು. ಸೊಪ್ಪಿನ ಅಂಟು ಹತ್ತೀತೆಂದು ಅಂಗಿ ಬಿಚ್ಚಿ ಬೈಕಿಗೆ ನೇತುಹಾಕಿ ಹತ್ತೇಬಿಟ್ಟ.

ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಎರಡಾಳೆತ್ತರಕ್ಕೂ ಮಿಗಿಲು. ಅಡ್ಡ ಮರಗಳ ಮೇಲೆ ಕಾಲು ಅಗಲಿಸಿ ನಿಂತು, ಕೆಳಗಿನವರು ಎತ್ತಿಕೊಡುವ ಸೊಪ್ಪು ಕಟ್ಟಿದ ಕೋಲುಗಳನ್ನು ಮೇಲಿನಿಂದ ಸಾಲಾಗಿ ತೂಗುಹಾಕುತ್ತ ಬರಬೇಕು. ಕೆಳಗೆ ನಿಂತವರು ದಾರಿ ಬಿಡದೆ ಮೇಲಿನವನು ಇಳಿಯುವ ಹಾಗಿಲ್ಲ. ದಾರಿ ಬಿಡಬೇಡಿರೆಂದು ನಾನು ಕೆಳಗಿನವರಿಗೆ ಕಣ್ಣುಸನ್ನೆ ಮಾಡಿದೆ. ಬೆಳಗಿನ ಮಳೆಗೆ ನೆನೆದ ಹಸಿ ಸೊಪ್ಪು ಬರಿಮೈಗೆ ಉಜ್ಜಿದರೆ ರೂಢಿಯಿಲ್ಲದವರಿಗೆ ತಲೆ ತಿರುಗುತ್ತದೆ, ಅದು ನನಗೆ ಗೊತ್ತಿತ್ತು.

"ಅಜ್ಜಿ, ಸಾಕು. ತಲೆ ಸುತ್ತತಾ ಅದೆ."

"ಸುತ್ತಲಿ ಕಣ್ಲಾ. ನನ್ ಮೊಮ್ಮಗನ ತಲೆ ಸುತ್ತಿಸ್ದಾಗ ಸಾಕು ಅಂದಿದ್ಯಾ?"

"ನೀವು ಬೆಳೆಯೋದೂ ಹೊಗೇನೇ ಅಲ್ವಾ?"

ಮಾತು ಚುಚ್ಚಿತು, ಸುಳ್ಳಲ್ಲವಲ್ಲ.

"ಹೂಂ ಕಣ್ಲಾ, ಬೆಳಿತೀನಿ. ಉಂಡ ಮನೆ ಹುಡುಗನ ಬಾಯಿಗೆ ತುರುಕಿಲ್ಲ."

ಕೊನೆಗೆ ಇಳಿಸಿದೆವು. ಅವನು ಬದುವಿನ ಮೇಲೆ ಮಂಡಿಯೂರಿ ಕಾರಿಕೊಂಡ. ಅಯ್ಯೋ ಪಾಪ ಅನ್ನಿಸಲಿಲ್ಲ ನನಗೆ. ಸೊಂಟದ ಮೇಲೆ ಕೈಯಿಟ್ಟು ಕಣ್ತುಂಬ ನೋಡಿದೆ.

ಹಾಗೆ ನೋಡುತ್ತ ನಿಂತವಳಿಗೆ ಮೊಮ್ಮಗನೇ ಮರೆತುಹೋಗಿದ್ದ. ತಿರುಗಿದರೆ ಅವನು ಬೈಕಿನ ಹತ್ತಿರ ನಿಂತಿದ್ದಾನೆ, ಗೆಳೆಯನ ಜೇಬಿನ ಗಾಂಜಾ ಪೊಟ್ಟಣ ಅವನ ಅಂಗೈಯಲ್ಲಿದೆ. ಮುಖವೆಲ್ಲ ಬೆವರು. ಕಿತ್ತುಕೊಳ್ಳಲೆಂದು ಎರಡು ಹೆಜ್ಜೆ ಇಟ್ಟೆ.

"ಅಜ್ಜಿ, ಬಾ ಇಲ್ಲಿ. ನನ್ ಕೈ ಹಿಡ್ಕೊ. ಒಬ್ನ ಕೈಲಿ ಆಗ್ತಿಲ್ಲ."

ಓಡಿದೆ. ಇಬ್ಬರೂ ಗೋಬರ್ ಗ್ಯಾಸಿನ ತೊಟ್ಟಿಯವರೆಗೆ ನಡೆದೆವು. ಪೊಟ್ಟಣ ಹರಿದು ಸಗಣಿ ನೀರಿಗೆ ಸುರಿದು, ಮೊಣಕೈವರೆಗೆ ತೋಳು ಇಳಿಸಿ ಅವನೇ ಕಲಸಿದ. ಅವನ ಇನ್ನೊಂದು ಕೈ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿತ್ತು. ಆಸೆ ಇಳಿಯುವ ತನಕ ಕಲಸುತ್ತಲೇ ಇದ್ದ. ಆಮೇಲೆ ಅಂಗಿಯನ್ನು ಗೆಳೆಯನ ಮೇಲೆಸೆದ.

"ಇನ್ಮ್ಯಾಲೆ ಈ ಕಡೆ ಬರಬ್ಯಾಡ ಕಣ್ಲಾ. ಬಂದ್ರೆ ನಮ್ಮಜ್ಜಿ ತಿರ್ಗಾ ಹತ್ತಿಸ್ತದೆ."

ಬಾಯೊರೆಸಿಕೊಂಡು, ಅಂಟು ಹತ್ತಿ ಕಪ್ಪಾದ ಕೈಯಲ್ಲೇ ಬೈಕ್ ಹಿಡಿದು ಅವನು ಹೋದ. ನಾನು ನಕ್ಕೆ ನೋಡಿ, ಹಲ್ಲಿಲ್ಲದ ಬಾಯಿ ತೆರೆದು, ಬೈಕಿನ ಸದ್ದು ಅಡಗುವ ತನಕ ನಕ್ಕೆ.

ಮೊಮ್ಮಗ ಆಗಲೇ ಬ್ಯಾರನ್ ಹತ್ತಿದ್ದ. ಗೆಳೆಯ ಅರ್ಧಕ್ಕೆ ಬಿಟ್ಟ ಸಾಲು ಹಾಗೇ ಉಳಿದಿತ್ತು.

"ನಗಾಡಿದ್ದು ಸಾಕು ಬಾರಜ್ಜಿ," ಮೇಲಿನಿಂದ ಕೂಗಿದ. "ಕೋಲು ಕೊಡು. ಸುಮ್ನೆ ನಿಂತ್ರೆ ತಿರ್ಗಾ ಆಸೆ ಆಯ್ತದೆ."

ಕೊಟ್ಟೆ.