ಆಮೆನ್ ಅಂದವಳು ನಾನೊಬ್ಬಳೇ

ನಮ್ಮ ಮನೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದವರು ನನ್ನ ಗಂಡ. ಮದುವೆಯಾಗಿ ಕತಾರಿಗೆ ಬಂದು ಅಲ್ ರಯ್ಯಾನಿನ ಈ ಫ್ಲಾಟಿಗೆ ಕಾಲಿಟ್ಟ ದಿನ, ಪೆಟ್ಟಿಗೆಗಳ ಹಗ್ಗ ಬಿಚ್ಚುವ ಮೊದಲೇ, ಅವರು ಖಾಲಿ ಹಾಲಿನ ನಡುವೆ ನಿಂತು ಬೈಬಲ್ ತೆರೆದು ಒಂದು ಕೀರ್ತನೆ ಓದಿ ಕಣ್ಣು ಮುಚ್ಚಿದರು. ಕುರ್ಚಿಯೂ ಇರಲಿಲ್ಲ. ನಾನು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತೇ ಆಮೆನ್ ಅಂದೆ.

ನಾವಿಬ್ಬರೂ ಕರಾವಳಿಯ ಹಳೆಯ ಪ್ರೊಟೆಸ್ಟಂಟ್ ಮನೆತನಗಳವರು. ಮನೆಯಲ್ಲಿ ತುಳು, ದೇವರ ಹತ್ತಿರ ಕನ್ನಡ. ನನ್ನ ತವರಿನಲ್ಲಿ ಅಪ್ಪ ಪ್ರಾರ್ಥಿಸುತ್ತಿದ್ದರು, ಹೆಂಗಸರು ಆಮೆನ್ ಹೇಳುತ್ತಿದ್ದರು. ಗಂಡನ ಮನೆಯಲ್ಲೂ ಹಾಗೆಯೇ ಇತ್ತು. ಹಾಗಾಗಿ ನಾನು ಬಾಯಿಬಿಟ್ಟು ಪ್ರಾರ್ಥಿಸಬೇಕೆಂದು ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಪಕ್ಕದ ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿದರೆ ನಮ್ಮ ಮನೆಯ ಟಿ.ವಿ. ಆಫ್ ಆಗುತ್ತಿತ್ತು. ಮಗಳು ಚಿಕ್ಕವಳಿದ್ದಾಗ, "ಮಮ್ಮಿ, ಬಾಂಗ್ ಆಯ್ತು, ಪ್ರೇಯರ್!" ಎಂದು ಓಡಿ ಬರುತ್ತಿದ್ದಳು. ಊಟದ ಮೇಜಿನ ಸುತ್ತ ಮೂವರು ಕುಳಿತರೆ, ಒಂದು ಗೀತೆ, ಒಂದು ಅಧ್ಯಾಯ, ಆಮೇಲೆ ಅವರ ಪ್ರಾರ್ಥನೆ. ಗಂಡ ವೆಸ್ಟ್ ಬೇಯ ಎತ್ತರದ ಕಟ್ಟಡಗಳ ಲಿಫ್ಟು, ಎ.ಸಿ. ನೋಡಿಕೊಳ್ಳುವ ಕಂಪನಿಯಲ್ಲಿದ್ದಾರೆ. ದಿನವಿಡೀ ಫೋನಿನಲ್ಲಿ ಇಂಗ್ಲಿಷು, ಹಿಂದಿ, ಅರ್ಧಂಬರ್ಧ ಅರಬ್ಬಿ. ಆದರೆ ಸಂಜೆ ಆ ಮೇಜಿನ ಬಳಿ ಅವರ ಬಾಯಿಂದ ಬರುತ್ತಿದ್ದ ಕನ್ನಡವೇ ಬೇರೆ. ತಗ್ಗಿದ ದನಿ, ಒಂದು ಮಾತೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಬು ಹಮೂರಿನ ಚರ್ಚುಗಳ ಆವರಣದಲ್ಲಿ ಶುಕ್ರವಾರ ಸೇರುವ ನಮ್ಮ ಕನ್ನಡ ಫೆಲೋಶಿಪ್ಪಿನವರು ಅವರನ್ನು ಹಿರಿಯರನ್ನಾಗಿ ಆರಿಸಿದ್ದು ಆ ದನಿಗೇ ಎಂದು ನಾನು ನಂಬಿದ್ದೆ. "ನಿಮ್ಮವರು ಪ್ರಾರ್ಥನೆ ಮಾಡಿದ್ರೆ ದೇವರು ಪಕ್ಕದಲ್ಲೇ ಕೂತ ಹಾಗೆ ಆಗ್ತದೆ" ಎಂದು ಒಬ್ಬಾಕೆ ಹೇಳಿದಾಗ ನಾನು ಒಳಗೊಳಗೇ ಬೀಗಿದ್ದೆ.

ಕೆಲವು ವರ್ಷಗಳ ಹಿಂದೆ ನನ್ನ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಆಪರೇಶನ್ ಮಾಡಿ ತೆಗೆದು ಪರೀಕ್ಷೆಗೆ ಕಳುಹಿಸಬೇಕೆಂದರು. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ನನ್ನ ಕೈಕಾಲು ತಣ್ಣಗಾಗಿದ್ದವು. ಮಂಚದ ಅಂಚಿನಲ್ಲಿ ಕುಳಿತವಳು ಏಳಲಾರದೆ ಹೋದೆ. ಗಂಡ ನನ್ನ ಮುಂದೆ ನೆಲದ ಮೇಲೆ ಮೊಣಕಾಲೂರಿ, ನನ್ನ ಎರಡೂ ಕೈ ಹಿಡಿದುಕೊಂಡು ಪ್ರಾರ್ಥಿಸಿದರು. ನನ್ನ ಭಯವನ್ನು ನನಗಿಂತ ಸರಿಯಾಗಿ ದೇವರಿಗೆ ಹೇಳಿದರು. ಮುಗಿಯುವ ಹೊತ್ತಿಗೆ ನನ್ನ ಕೈ ಬೆಚ್ಚಗಾಗಿತ್ತು. ನಾನಾಗಿ ಒಂದು ಮಾತೂ ಬೇಡಿಕೊಂಡಿರಲಿಲ್ಲ. ಅವರು ಹೇಳಿದ್ದಕ್ಕೆ ಆಮೆನ್ ಅಂದೆ, ಎದ್ದೆ, ಹೋದೆ. ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ವರದಿ ಬಂತು. ಮುಂದಿನ ಶುಕ್ರವಾರ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದೆ: ದೇವರು ನನ್ನ ಗಂಡನ ಪ್ರಾರ್ಥನೆ ಕೇಳಿದರು ಎಂದೆ. ಅವರು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದರು. ದೀನತೆ ಎಂದುಕೊಂಡೆ.

ಮಗಳು ಹನ್ನೆರಡನೆಯ ಕ್ಲಾಸಿಗೆ ಬಂದ ವರ್ಷ ನಮ್ಮ ಫೆಲೋಶಿಪ್ಪಿನಲ್ಲಿ ದೃಢೀಕರಣದ ತರಗತಿ ಸುರುವಾಗುವುದಿತ್ತು. ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಪಡೆದ ಮಕ್ಕಳು ದೊಡ್ಡವರಾದ ಮೇಲೆ ಸಭೆಯ ಮುಂದೆ ನಿಂತು, ಈ ನಂಬಿಕೆ ನನ್ನದೇ ಎಂದು ತಾವಾಗಿ ಹೇಳುವ ಆರಾಧನೆ ಅದು. ಆ ಶುಕ್ರವಾರ ಹೆಸರು ಕೊಡಬೇಕಿತ್ತು. ಬೆಳಿಗ್ಗೆ ಕಾರಿನಲ್ಲಿ ಹೋಗುತ್ತಾ ನಾನು ಅವಳ ಬಿಳಿ ಉಡುಪನ್ನು ಇಲ್ಲೇ ಹೊಲಿಸುವುದೋ ಮಂಗಳೂರಿನಿಂದ ತರಿಸುವುದೋ ಎಂದು ಮಾತಾಡುತ್ತಿದ್ದೆ. ಹಿಂದಿನ ಸೀಟಿನಿಂದ ಮಗಳು ಹೇಳಿದಳು, "ಮಮ್ಮಿ, ನನ್ನ ಹೆಸರು ಕೊಡ್ಬೇಡಿ."

"ಎಂತಕ್ಕೆ? ಪರೀಕ್ಷೆ ಅಂತ್ಲಾ? ಕ್ಲಾಸು ವಾರಕ್ಕೆ ಒಂದೇ."

"ಪರೀಕ್ಷೆ ಅಲ್ಲ. ನಂಗೆ ನಂಬಿಕೆ ಇಲ್ಲ ಮಮ್ಮಿ. ಎಲ್ಲರ ಎದುರು ನಿಂತು ಉಂಟು ಅಂತ ಹೇಳಿದ್ರೆ ಸುಳ್ಳಾಗ್ತದೆ."

ನಾನು ಗಂಡನ ಕಡೆ ತಿರುಗಿದೆ. "ಕೇಳಿದ್ರಾ, ನಿಮ್ಮ ಮಗಳು ಹೇಳುದು?"

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಮನೆಗೆ ಹೋಗಿ ಮಾತಾಡುವ."

"ಮನೆಗೆ ಹೋಗಿ ಎಂತ ಮಾತಾಡುದು? ಇವತ್ತೇ ಹೆಸರು ಕೊಡ್ಬೇಕಲ್ಲ?"

"ಪಪ್ಪಂಗೆ ಗೊತ್ತುಂಟು" ಎಂದಳು ಮಗಳು. "ಪಪ್ಪನೇ ಹೇಳಿದ್ದು, ನಂಬಿಕೆ ಇಲ್ಲದಿದ್ರೆ ನಿಲ್ಲಬೇಡ, ಮತ್ತೆ ನನ್ನ ಹಾಗೆ ಸಿಕ್ಕಿಹಾಕಿಕೊಳ್ತಿ ಅಂತ."

ಹೇಳಿದ ಮೇಲೆ ಅವಳಿಗೇ ಗಾಬರಿಯಾಗಿರಬೇಕು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಕಾರು ಸಿಗ್ನಲ್ಲಿನಲ್ಲಿ ನಿಂತಿತು. ನಾನು ಗಂಡನ ಮುಖವನ್ನೇ ನೋಡುತ್ತಿದ್ದೆ. ಅವರು, ಹಾಗಲ್ಲ, ಅವಳಿಗೆ ತಪ್ಪು ಅರ್ಥವಾಗಿದೆ ಎಂದು ಹೇಳಲಿ ಎಂದು ಕಾದೆ. ಸಿಗ್ನಲ್ ಹಸಿರಾಯಿತು. ಅವರು ಗೇರ್ ಬದಲಿಸಿ ಮುಂದೆ ಹೋದರು.

ಅವತ್ತು ಸತ್ಯವೇದ ಪಾಠ ಓದುವ ಸರದಿ ಅವರದಾಗಿತ್ತು. ಧೂಳು ತುಂಬಿದ ಪಾರ್ಕಿಂಗಿನಲ್ಲಿ ಕಾರು ನಿಲ್ಲಿಸಿ, ಗೇಟಿನಲ್ಲಿ ಬ್ಯಾಗು ತೋರಿಸಿ ಒಳಗೆ ಹೋದೆವು. ಸಮಯ ಬಂದಾಗ ಅವರು ಎದ್ದು ಹೋಗಿ ಓದಿದರು. ಅದೇ ದನಿ. ಒಂದು ಕಡೆಯೂ ತಡವರಿಸಲಿಲ್ಲ. ನನ್ನ ಪಕ್ಕದಲ್ಲಿದ್ದ ಹೆಂಗಸು ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ನನಗೆ ಆಕೆಯ ಭುಜ ಹಿಡಿದು ಅಲುಗಿಸಬೇಕು ಅನ್ನಿಸಿತು.

ಮನೆಗೆ ಬಂದ ಮೇಲೆ ಮಗಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ನಾವಿಬ್ಬರು ಊಟದ ಮೇಜಿನ ಎರಡು ಬದಿಗೆ ಕುಳಿತೆವು.

"ಯಾವಾಗಿಂದ?" ಎಂದು ಕೇಳಿದೆ.

"ಇಂಥ ದಿನ ಅಂತ ಇಲ್ಲ. ಪ್ರಾರ್ಥನೆ ಮಾಡ್ತಾ ಇರುವಾಗ ಆ ಕಡೆ ಯಾರೂ ಇಲ್ಲ ಅಂತ ಅನ್ನಿಸ್ಲಿಕ್ಕೆ ಸುರು ಆಯ್ತು. ಸುರುವಿಗೆ ಹೆದರಿಕೆ ಆಗ್ತಿತ್ತು. ಮತ್ತೆ ಅಭ್ಯಾಸ ಆಯ್ತು."

"ನನ್ನ ಆಪರೇಶನಿಗಿಂತ ಮೊದಲಾ, ಮತ್ತೆಯಾ?"

ಅವರು ಮಗಳ ಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿದರು.

"ಮೊದಲು" ಎಂದರು.

"ಹಾಗಾದ್ರೆ ಅವತ್ತು ಬೆಳಿಗ್ಗೆ ಮೊಣಕಾಲು ಊರಿ ಯಾರ ಹತ್ರ ಮಾತಾಡಿದ್ದು ನೀವು?"

"ನಿನ್ನ ಹತ್ರ."

ಇದನ್ನು ಬೇರೆ ಯಾವ ಹೆಣ್ಣಾದರೂ ಕೇಳಿದ್ದರೆ ಪ್ರೀತಿಯ ಮಾತು ಎಂದುಕೊಳ್ಳುತ್ತಿದ್ದಳೋ ಏನೋ. ನನಗೆ ಕಪಾಳಕ್ಕೆ ಹೊಡೆದಂತಾಯಿತು. ನನ್ನ ಜೀವವನ್ನು ಅವರು ದೇವರ ಕೈಗೆ ಕೊಟ್ಟಿದ್ದಾರೆ ಎಂಬ ಧೈರ್ಯದಲ್ಲಿ ನಾನು ಆಪರೇಶನ್ ಥಿಯೇಟರಿನೊಳಗೆ ಹೋಗಿದ್ದೆ. ಅವರು ಯಾರ ಕೈಗೂ ಕೊಟ್ಟಿರಲಿಲ್ಲ. ನನ್ನನ್ನು ಸಮಾಧಾನ ಮಾಡಿದ್ದರು, ಅಷ್ಟೇ. ಅಳುವ ಮಗುವಿಗೆ ಏನೋ ಒಂದು ಹೇಳುತ್ತಾರಲ್ಲ, ಹಾಗೆ.

"ಮಗಳಿಗೆ ಹೇಳಿದ್ರಿ. ನಂಗೆ ಯಾಕೆ ಹೇಳ್ಲಿಲ್ಲ?"

"ಅವಳು ಕೇಳಿದಳು. ಟ್ಯೂಶನ್‌ನಿಂದ ಕರ್ಕೊಂಡು ಬರುವಾಗ, ಪಪ್ಪಾ ನಿಮಗೆ ನಿಜವಾಗಿ ನಂಬಿಕೆ ಉಂಟಾ ಅಂತ ಕೇಳಿದಳು. ಸುಳ್ಳು ಹೇಳ್ಲಿಕ್ಕೆ ಆಗ್ಲಿಲ್ಲ. ನೀನು ಯಾವತ್ತೂ ಕೇಳ್ಲಿಲ್ಲ."

"ಗಂಡನ ಹತ್ರ ಕೇಳುವ ಪ್ರಶ್ನೆಯಾ ಅದು?"

"ನೀನು ಒಡೆದು ಹೋಗ್ತಿ ಅಂತ ಹೆದರಿಕೆ ಇತ್ತು" ಎಂದರು. ತಪ್ಪಾಯಿತು ಎಂದೂ ಹೇಳಿದರು. ಆ ಮಾತು ನನಗೆ ಕೇಳಿಸಿತು, ಒಳಗೆ ಇಳಿಯಲಿಲ್ಲ. ನನ್ನ ತಲೆಯಲ್ಲಿ ಬೇರೆಯೇ ಒಂದು ಚಿತ್ರ ಓಡುತ್ತಿತ್ತು. ಈಚೆಗೆ ಪ್ರಾರ್ಥನೆ ಮುಗಿದು ಕಣ್ಣು ತೆರೆಯುವಾಗ ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿ ಸಣ್ಣಗೆ ನಗುತ್ತಿದ್ದರು. ದೇವರ ಸಾನ್ನಿಧ್ಯದಲ್ಲಿ ಇವರಿಬ್ಬರು ಎಷ್ಟು ಹತ್ತಿರ ಎಂದು ನನ್ನ ಕಣ್ಣು ತುಂಬುತ್ತಿತ್ತು. ಆ ನಗು ಏನೆಂದು ಈಗ ತಿಳಿಯಿತು. ನನ್ನ ಮನೆಯಲ್ಲಿ ಗುಟ್ಟು ತಿಳಿಯದವಳು ನಾನೊಬ್ಬಳೇ. ಅವರಿಬ್ಬರೂ ಸೇರಿ ನನ್ನನ್ನು ಮಗುವಿನ ಹಾಗೆ ಸಾಕುತ್ತಿದ್ದರು.

"ಇನ್ನು ಪ್ರಾರ್ಥನೆಗೆ ನೀವು ಕೂತ್ಕೊಳ್ಳುದು ಬೇಡ. ಅವಳೂ ಬೇಡ" ಎಂದು ಎದ್ದೆ.

ಮರುದಿನ ಸಂಜೆಯ ಬಾಂಗ್ ಆದ ಮೇಲೆ ಒಬ್ಬಳೇ ಮೇಜಿನ ಬಳಿ ಕುಳಿತೆ. ಅಧ್ಯಾಯ ಓದಿ ಕಣ್ಣು ಮುಚ್ಚಿದೆ. ಬಾಯಿ ತೆರೆದರೆ ಮಾತಿಲ್ಲ. ಕೊನೆಗೆ ಮಾತು ಬಂತು, ಬಂದದ್ದೆಲ್ಲ ಅವರದೇ. "ಈ ಹೊತ್ತಿನವರೆಗೂ ನಮ್ಮನ್ನು ಕಾಪಾಡಿದ ಕರ್ತನೇ" ಎಂದು ಅವರು ಸುರುಮಾಡುತ್ತಿದ್ದುದನ್ನೇ ನಾನೂ ಸುರುಮಾಡಿದ್ದೆ. ಅವರು ನಿಲ್ಲಿಸುವ ಕಡೆ ನಾನೂ ನಿಲ್ಲಿಸುತ್ತಿದ್ದೆ. ಇಷ್ಟು ವರ್ಷ ದೇವರೆದುರು ಕುಳಿತು ನಾನು ಕಲಿತದ್ದು, ನಂಬಿಕೆಯಿಲ್ಲದವನೊಬ್ಬನ ವಾಕ್ಯಗಳನ್ನು. ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಮಗಳು ಬಾಗಿಲ ತನಕ ಬಂದು ನಿಂತದ್ದು ಗೊತ್ತಾಯಿತು. ಹತ್ತಿರ ಬರಲು ಅವಳಿಗೆ ಧೈರ್ಯವಾಗಲಿಲ್ಲ, ಕರೆಯಲು ನನಗೆ ಮನಸ್ಸಾಗಲಿಲ್ಲ.

ಗಂಡ ಫೆಲೋಶಿಪ್ಪಿನ ಹಿರಿತನ ಬಿಟ್ಟರು. ನಾನು ಹೇಳಿದ್ದಕ್ಕೇ ಬಿಟ್ಟದ್ದು. ಕಾರಣ ಕೇಳಿದವರಿಗೆ, "ಅವರಿಗೆ ಡ್ಯೂಟಿ ಜಾಸ್ತಿ ಆಗಿದೆ" ಎಂದೆ. ಮಗಳ ದೃಢೀಕರಣದ ಬಗ್ಗೆ ಕೇಳಿದವರಿಗೆ, "ಪರೀಕ್ಷೆ ಮುಗೀಲಿ" ಎಂದೆ. ಎರಡೂ ನಾನೇ ಕಟ್ಟಿದ ಮಾತು. ಶುಕ್ರವಾರ ಅವರು ನನ್ನನ್ನು ಗೇಟಿನ ತನಕ ಬಿಟ್ಟು, ಆರಾಧನೆ ಮುಗಿಯುವವರೆಗೆ ಕಾರಿನಲ್ಲೇ ಕುಳಿತಿರುತ್ತಿದ್ದರು.

ಚಳಿಗಾಲದಲ್ಲಿ ನನ್ನ ಅತ್ತೆ ಬಂದರು. ಊರಿನಲ್ಲಿ ಗಂಡನ ಅಣ್ಣನ ಜೊತೆ ಇರುವವರು. ಮೊಮ್ಮಗಳನ್ನು ನೋಡದೆ ವರ್ಷವಾಯಿತು ಎಂದು ವಿಸಿಟ್ ವೀಸಾದಲ್ಲಿ ಬಂದಿದ್ದರು. ಬಂದ ಸಂಜೆಯೇ ಊಟದ ಮೇಜಿನ ಬಳಿ ಕುಳಿತು, ಕನ್ನಡಕ ಹಾಕಿಕೊಂಡು, ಮೂವರನ್ನೂ ಕರೆದು ಕೂರಿಸಿಕೊಂಡರು. ಗೀತೆಯನ್ನು ತಾವೇ ಹಾಡಿ ಮಗನಿಗೆ ಹೇಳಿದರು, "ಪ್ರಾರ್ಥನೆ ಮಾಡು ಮಗಾ. ನಿನ್ನ ಪ್ರಾರ್ಥನೆ ಕೇಳದೆ ಎಷ್ಟು ಸಮಯ ಆಯ್ತು."

ಗಂಡ ನನ್ನ ಮುಖ ನೋಡಿದರು. ಬೇಡ ಎಂದು ನಾನು ತಲೆಯಾಡಿಸಿದ್ದರೆ ಅವರು ಮಾಡುತ್ತಿರಲಿಲ್ಲ, ತಾಯಿಗೆ ಎಲ್ಲವನ್ನೂ ಹೇಳಿಬಿಡುತ್ತಿದ್ದರು ಎಂದು ನನಗೆ ಆ ಕಣ್ಣಿನಲ್ಲಿ ಕಂಡಿತು. ಅತ್ತೆಯ ಮುಚ್ಚಿದ ಕಣ್ಣು, ಮೇಜಿನ ಮೇಲೆ ಜೋಡಿಸಿಟ್ಟ ಗಂಟುಗಂಟಾದ ಬೆರಳು. ನಾನು ತಲೆ ತಗ್ಗಿಸಿದೆ.

ಅವರು ಪ್ರಾರ್ಥಿಸಿದರು. ತಾಯಿಯ ಮಂಡಿನೋವು, ತೀರಿಹೋದ ತಂದೆ, ಮಗಳ ಪರೀಕ್ಷೆ, ನಾನು ಕೆಲಸ ಮಾಡುವ ಶಾಲೆಯ ಲೈಬ್ರರಿ, ಒಂದನ್ನೂ ಮರೆಯಲಿಲ್ಲ. ನನ್ನನ್ನು ಉರಿಸಿದ್ದು ಅದು ಸುಳ್ಳು ಎಂಬುದಲ್ಲ. ಅದು ಚೆನ್ನಾಗಿತ್ತು. ನಂಬುವ ನನಗೆ ಹಾಗೆ ಪ್ರಾರ್ಥಿಸಲು ಬರುವುದಿಲ್ಲ. ಅತ್ತೆಯ ಕೆನ್ನೆ ಒದ್ದೆಯಾಗಿತ್ತು. ಅವರೂ ಮಗಳೂ ಆಮೆನ್ ಅಂದರು. ನಾನು ಎದ್ದು ಅಡುಗೆಮನೆಗೆ ಹೋದೆ.

ಅತ್ತೆ ಹಿಂದೆಯೇ ಬಂದರು. "ನೀನು ಆಮೆನ್ ಹೇಳ್ಲಿಲ್ಲ. ಎಂತ ಆಯ್ತು?"

"ಗಂಟಲು ಕಟ್ಟಿದೆ ಅತ್ತೆ. ಇಲ್ಲಿಯ ಧೂಳು."

ಅವರು ನನ್ನ ಬೆನ್ನು ಸವರಿದರು. "ನನಗೆ ಒಂದೇ ಹೆದರಿಕೆ ಇತ್ತು ಮಗಾ. ಪರದೇಶಕ್ಕೆ ಹೋದ್ರೆ ದುಡ್ಡಿನ ಹಿಂದೆ ಬಿದ್ದು ದೇವರನ್ನು ಮರೀತಾರೆ ಅಂತ. ಅವನು ಮರೀಲಿಲ್ಲ. ನೀನು ಮನೆಯನ್ನು ಹಾಗೆ ನಡೆಸಿದ್ದಿ. ಇನ್ನು ನಾನು ಸಮಾಧಾನದಲ್ಲಿ ಕಣ್ಣು ಮುಚ್ಚಬಹುದು."

ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಹೌದು ಅತ್ತೆ" ಎಂದೆ.

ಅವರು ಮಲಗಲು ಹೋದ ಮೇಲೆ ಮಗಳು ಬಂದು ನನ್ನ ಪಕ್ಕದಲ್ಲಿ ನಿಂತಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಮಮ್ಮಿ, ಈಗ ನೀವೂ" ಎಂದಳು ಮೆಲ್ಲಗೆ. ಅಣಕಿಸುವ ದನಿಯಲ್ಲ. ಬಹಳ ದಿನಗಳಿಂದ ಒಬ್ಬಳೇ ಹೊತ್ತ ಚೀಲದ ಒಂದು ಹಿಡಿಕೆಯನ್ನು ಇನ್ನೊಬ್ಬರು ಹಿಡಿದಾಗ ಬರುವ ದನಿ. ನನಗೆ ಮಾತ್ರ ಅದರಿಂದ ಹಗುರವಾಗಲಿಲ್ಲ. ನನಗೆ ಮೋಸ ಮಾಡಿದವರು ತಮ್ಮ ಜೊತೆ ನನ್ನನ್ನೂ ಸೇರಿಸಿಕೊಂಡಿದ್ದರು, ಮತ್ತು ನಾನು ಹೋಗಿ ಸೇರಿದ್ದೆ. ಅತ್ತೆ ಇರುವಷ್ಟು ದಿನ ಪ್ರತಿ ಸಂಜೆ ಗಂಡ ಪ್ರಾರ್ಥಿಸಿದರು, ನಾನು ಅತ್ತೆಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಆಮೆನ್ ಅಂದೆ.

ಅತ್ತೆಯನ್ನು ವಿಮಾನ ಹತ್ತಿಸಿ ವಾಪಸು ಬರುವಾಗ ಗಂಡ ಹೇಳಿದರು, "ಅಮ್ಮನಿಗೆ ಹೇಳದೆ ಇದ್ದದ್ದಕ್ಕೆ ಥ್ಯಾಂಕ್ಸ್."

"ನಿಮಗೋಸ್ಕರ ಮಾಡಿದ್ದಲ್ಲ" ಎಂದೆ.

"ಗೊತ್ತುಂಟು. ನಾನೂ ನಿನ್ನ ಹತ್ರ ಅದೇ ಕಾರಣಕ್ಕೆ ಹೇಳದೆ ಉಳಿದದ್ದು."

ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಅತ್ತೆಗೆ ವಯಸ್ಸಾಗಿದೆ, ನಾಳೆಯೋ ನಾಡಿದ್ದೋ ಹೋಗುವವರು. ನಾನು ಕಟ್ಟಿಕೊಂಡ ಹೆಂಡತಿ. ಎರಡೂ ಒಂದೇ ಎಂದು ಗಂಡ ಹೇಗೆ ಹೇಳಿದರು?

ನಾವು ಬೇರೆಯಾಗಿಲ್ಲ. ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ, ಊರಿಗೆ ಹೋಗುವ ಟಿಕೆಟಿನ ಬಗ್ಗೆ, ಮಗಳ ಕಾಲೇಜಿನ ಬಗ್ಗೆ ಮಾತಾಡುತ್ತೇವೆ. ಅವರು ಒಳ್ಳೆಯವರು ಎಂಬುದರಲ್ಲಿ ನನಗೆ ಈಗಲೂ ಸಂಶಯವಿಲ್ಲ, ಅದು ಬೇರೆ ನೋವು. ಸಂಜೆ ನಾನು ಪ್ರಾರ್ಥನೆಗೆ ಕುಳಿತರೆ ಅವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ನನಗೆ ತೊಂದರೆಯಾಗದಿರಲಿ ಎಂದು ನಳ್ಳಿಯನ್ನು ಸಣ್ಣಗೆ ಬಿಟ್ಟುಕೊಳ್ಳುತ್ತಾರೆ. ಈಚೆಗೆ ಒಮ್ಮೆ ಕೈ ಒರೆಸಿಕೊಳ್ಳುತ್ತಾ ಬಂದು, "ನಾನು ಸುಮ್ಮನೆ ಬಂದು ಕೂತ್ಕೊಳ್ಲಾ? ಪ್ರಾರ್ಥನೆಗೆ ಅಂತ ಅಲ್ಲ, ನಿನ್ನ ಜೊತೆ" ಎಂದು ಕೇಳಿದರು.

"ಈಗ ಬೇಡ" ಎಂದೆ.

ನನ್ನ ಪ್ರಾರ್ಥನೆ ಈಗ ಬಹಳ ಚಿಕ್ಕದು. ಅವರ ವಾಕ್ಯಗಳನ್ನು ಒಂದೊಂದಾಗಿ ಬಿಡುತ್ತಾ ಹೋದರೆ ನನ್ನದು ಅಂತ ಉಳಿಯುವುದು ಸ್ವಲ್ಪವೇ. ಕೆಲವು ದಿನ ತುಳುವಿನಲ್ಲಿ ಬರುತ್ತದೆ, ಕೆಲವು ದಿನ ಬರೀ ಸಿಟ್ಟು ಬರುತ್ತದೆ. ಅದನ್ನೂ ಹೇಳಿಬಿಡುತ್ತೇನೆ. ಮಗಳ ಹೆಸರು ಹೇಳಿ ಬೇಡಿಕೊಳ್ಳುತ್ತೇನೆ. ಅವರ ಹೆಸರು ಬರುವಾಗ ಇನ್ನೂ ಬಾಯಿ ಕಟ್ಟುತ್ತದೆ. "ಈ ಮನೆಯವರನ್ನು" ಎಂದು ಹೇಳಿ ಮುಗಿಸುತ್ತೇನೆ.