ಮಹಾನವಮಿಗೆ ತೊಳೆದ ವಾಲ್ವುಗಳು

ರೋಣದ ಸುತ್ತಮುತ್ತ ಗಾಜಿನ ವಾಲ್ವಿನ ಹಳೆಯ ರೇಡಿಯೋ, ಆಂಪ್ಲಿಫೈಯರ್ ಸೆಟ್ಟು ಕೆಟ್ಟರೆ ಜನ ಹುಡುಕಿಕೊಂಡು ಬರುವುದು ಅನ್ನಪೂರ್ಣಾಳ ಮನೆಗೇ. ವಯಸ್ಸು ಐವತ್ತೆರಡು, ಮೂಗಿನ ತುದಿಗೆ ಕನ್ನಡಕ, ಪಡಸಾಲೆಯಲ್ಲಿ ಅಪ್ಪನ ಕಾಲದ ಮೇಜು. ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ಗಂಡುಮಕ್ಕಳಿಬ್ಬರೂ ಆ ಕಡೆ ತಲೆ ಹಾಕಲಿಲ್ಲ, ಮಗಳು ಮೇಜು ಬಿಟ್ಟು ಏಳಲಿಲ್ಲ. "ಇದು ನಿನಗ ಬರ್ತೈತೇನ?" ಎಂದು ಯಾರಾದರೂ ಕೇಳಿದರೆ ಆಕೆ ಬಾಯಿ ಖರ್ಚು ಮಾಡುವುದಿಲ್ಲ, ಸೆಟ್ಟಿನ ಸ್ಕ್ರೂ ಬಿಚ್ಚಲು ಶುರು ಮಾಡುತ್ತಾಳೆ. ಕರೆಂಟಿದ್ದಾಗ ಕೆಲಸವೆಲ್ಲ ಬಲಗೈಯದು. ಎಡಗೈ ಬೆನ್ನ ಹಿಂದೆ ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತದೆ. ಎರಡೂ ಕೈ ಒಳಗಿಟ್ಟರೆ ಕರೆಂಟು ಎದೆ ಹಾಯ್ದು ಹೋಗುತ್ತದೆ ಎಂದು ಅಪ್ಪ ಗದರಿಸಿ ಕಲಿಸಿದ್ದ.

ಮಹಾನವಮಿಗೆ ಮೂರು ದಿನ ಇರುವಾಗ ಗಜೇಂದ್ರಗಡದ ಗವಿಸಿದ್ದಪ್ಪ ಟಂಟಂ ಆಟೋದಲ್ಲಿ ಒಂದು ದೊಡ್ಡ ಪೆಟ್ಟಿಗೆ ತಂದಿಳಿಸಿದ. ಗಿಟಾರಿನ ಆಂಪ್ಲಿಫೈಯರ್. ನಲವತ್ತೈದು ವರ್ಷದ ಹಿಂದೆ ಏಳು ಜನ ಗೆಳೆಯರು ಆರ್ಕೆಸ್ಟ್ರಾ ಕಟ್ಟಿದಾಗ ಮುಂಬೈಯಿಂದ ತಂದದ್ದು. ಈಗ ಉಳಿದವರು ಮೂವರು. ಬರುವ ರವಿವಾರ ಆ ಮೂವರೂ ಸೇರಿ ಗಜೇಂದ್ರಗಡದಲ್ಲಿ ಒಂದು ಕಾರ್ಯಕ್ರಮ ಕೊಡುವವರಿದ್ದರು.

"ಇದ ಕಡೀದ್ರಿ ತಂಗೀ. ಹೊಸಾ ಬಾಕ್ಸಿನಾಗ ನುಡಿಸಿದ್ರ ನನ್ನ ಗಿಟಾರು ನಂದ ಅನಸಂಗಿಲ್ಲ. ಹನ್ನೊಂದು ವರ್ಷಾತು, ಬರೇ ಗುಂಯ್ ಅಂತೈತಿ."

"ಕಂಡೆನ್ಸರ್ ಹೋಗ್ಯಾವ್ರಿ ಅಣ್ಣಾರ. ಗುರುವಾರ ಬಂದು ಒಯ್ರಿ," ಎಂದಳು ಅನ್ನಪೂರ್ಣಾ, ಪೆಟ್ಟಿಗೆ ಬಿಚ್ಚುವ ಮೊದಲೇ. ಬಿಚ್ಚಿ ನೋಡಿದರೆ ಅದೇ ಆಗಿತ್ತು. ಐದು ವಾಲ್ವುಗಳನ್ನು ಕಿತ್ತು ಅರಿವೆಯ ಮೇಲೆ ಸಾಲಾಗಿ ಇಟ್ಟಳು. ಹಳೆಯ ಕಂಡೆನ್ಸರುಗಳಲ್ಲಿ ಅಡಗಿದ್ದ ಕರೆಂಟು ಇಳಿಸಿ ಹೊಸವನ್ನು ಬೆಸೆದಳು. ಇನ್ನು ವಾಲ್ವು ಕೂಡಿಸುವುದೊಂದೇ ಬಾಕಿ.

ಗುರುವಾರ ಮಹಾನವಮಿ, ಹತ್ಯಾರಗಳಿಗೆ ಖಂಡೇಪೂಜೆ. ಅನ್ನಪೂರ್ಣಾ ಚೆಂಡುಹೂವು ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ, ಅವ್ವ ಮುದುಕವ್ವ ಮನೆಯ ಹತ್ಯಾರಗಳನ್ನೆಲ್ಲ ತೊಳೆದು ದೇವರ ಮುಂದೆ ಹೂಡಿದ್ದಳು. ಕುಡುಗೋಲು, ಈಳಿಗೆ, ಇಕ್ಕಳ, ಸ್ಕ್ರೂ ಡ್ರೈವರು. ಅವುಗಳ ಪಕ್ಕದಲ್ಲೇ ಐದು ವಾಲ್ವುಗಳು ಲಕಲಕ ಹೊಳೆಯುತ್ತಿದ್ದವು, ಒಂದೊಂದಕ್ಕೂ ಮೂರು ಬೆರಳು ವಿಭೂತಿ. ಹಳೆಯ ಗಾಜಿನ ಮೇಲಿನ ಅಕ್ಷರ ಒದ್ದೆ ಅರಿವೆ ತಾಗಿದರೆ ಸಾಕು, ಅಳಿಸಿಹೋಗುತ್ತದೆ. ಯಾವುದು ಎಲ್ಲಿ ಕೂರಬೇಕೆಂದು ಹೇಳುವ ನಂಬರು ಒಂದೂ ಉಳಿದಿರಲಿಲ್ಲ. ದೊಡ್ಡವೆರಡು ಜೋಡಿ, ಅವುಗಳ ಚಿಂತೆಯಿಲ್ಲ. ಸಣ್ಣವು ಮೂರು ಮಾತ್ರ ನೋಡಲು ಒಂದೇ ಥರ, ಕೆಲಸ ಬೇರೆ ಬೇರೆ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಸುಟ್ಟೇ ಹೋಗಬಹುದು. ಅಂಥದು ಇನ್ನೊಂದು ಎಲ್ಲಿ ಸಿಗಬೇಕು?

ಅನ್ನಪೂರ್ಣಾಳಿಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಗವಿಸಿದ್ದಪ್ಪ, ಬಗಲಲ್ಲಿ ಗಿಟಾರು.

ಮುದುಕವ್ವನ ಮುಖ ಸಣ್ಣದಾಯಿತು. "ಹೇಳಬ್ಯಾಡ ಬೇ," ಎಂದು ಪಿಸುಗುಟ್ಟಿದಳು.

ಅನ್ನಪೂರ್ಣಾ ಹೇಳಿಯೇ ಬಿಟ್ಟಳು. "ಅಣ್ಣಾರ, ವಾಲ್ವಿನ ನಂಬರು ಅಳಿಸ್ಯಾವ್ರಿ. ನಮ್ಮ ಮನ್ಯಾಗ ಆಗಿದ್ದು. ಎತ್ತಿಡಬೇಕಿತ್ತು, ಇಡಲಿಲ್ಲ. ತಪ್ಪು ನಂದು."

ಗವಿಸಿದ್ದಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ. "ಹಂಗಾರ ಹುಬ್ಬಳ್ಳಿಗೆ ಒಯ್ತೀನಿ."

"ಒಯ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅಲ್ಲೂ ನಂಬರು ಯಾರೂ ಕನಸಿನಾಗ ಕಾಣಂಗಿಲ್ಲ. ಒಂದ್ ತಾಸು ಕುಂಡ್ರಿ."

ಆಕೆ ವಿಭೂತಿಯನ್ನು ಒಣ ಅರಿವೆಯಿಂದ ಒರೆಸಿದಳು. ಮೊದಲನೇ ವಾಲ್ವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಬಾಯಿ ಹತ್ತಿರ ತಂದು ಹಾ ಎಂದು ಬಿಸಿ ಉಸಿರು ಬಿಟ್ಟಳು. ಗಾಜು ಮಂಜಾಯಿತು. ಮಂಜಿನ ನಡುವೆ, ಬಣ್ಣ ಇದ್ದ ಜಾಗದಲ್ಲಿ, ಅಕ್ಷರದ ನೆರಳು ಮೂಡಿತು. ಒಂದು ಕ್ಷಣ, ಅಷ್ಟೇ. ಮತ್ತೆ ಉಸಿರು ಬಿಟ್ಟಳು, ಮತ್ತೆ ಓದಿದಳು. ಮೂರು ಸಲ ಒಂದೇ ನಂಬರು ಕಂಡ ಮೇಲೆ ಸೀಸಕಡ್ಡಿಯಿಂದ ಚೀಟಿಯಲ್ಲಿ ಬರೆದು ಕೆಳಗಿಟ್ಟಳು. ಮೂರನೆಯದರ ಕಡೆಯ ಅಂಕಿ ಬಹಳ ಸತಾಯಿಸಿತು. ಆಕೆ ಬಿಡಲಿಲ್ಲ. ಗವಿಸಿದ್ದಪ್ಪ ಕುಳಿತಲ್ಲಿ ಕೂರಲಾಗದೆ ಎದ್ದು ಬಂದು ಬೆನ್ನ ಹಿಂದೆ ನಿಂತಿದ್ದ.

"ಎಂಟು," ಎಂದಳು ಕೊನೆಗೆ. ಅನುಮಾನದ ದನಿಯಲ್ಲ ಅದು.

ಚೀಟಿ ನೋಡಿ ಆಯಾ ಜಾಗಕ್ಕೆ ವಾಲ್ವು ಕೂಡಿಸಿ, ಎಡಗೈ ಸೊಂಟಕ್ಕೆ ಸಿಕ್ಕಿಸಿ, ಸ್ವಿಚ್ಚು ಹಾಕಿದಳು. ಐದರ ಒಡಲಲ್ಲೂ ಸಣ್ಣಗೆ ಕೆಂಪು ಹತ್ತಿತು. ಗುಂಯ್ ಇಲ್ಲ, ಸುಟ್ಟ ವಾಸನೆ ಇಲ್ಲ. ಗವಿಸಿದ್ದಪ್ಪ ಗಿಟಾರು ಸಿಕ್ಕಿಸಿ ಒಂದು ತಂತಿ ಮೀಟಿದ. ದನಿ ಪಡಸಾಲೆ ತುಂಬಿ ಓಣಿಗೆ ಹೋಯಿತು. ಮುದುಕವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಆತ ಒಂದು ಪೂರಾ ಹಾಡು ಹಿಡಿದ. ನಾಲ್ಕು ಸಾಲಿನವರೆಗೆ ನೆಟ್ಟಗಿತ್ತು. ಐದನೆಯದರಲ್ಲಿ ಸ್ವರ ಜಾರಿತು, ಮತ್ತೆ ಹಿಡಿದ, ಮತ್ತೆ ಜಾರಿತು. ಆತ ನಿಲ್ಲಿಸಿದ. ಸೆಟ್ಟಿನ ಮೇಲೆ ಕೈಯಿಟ್ಟ.

"ತಂಗೀ, ಖರೇ ಹೇಳ್ರಿ. ಇದು ಸೆಟ್ಟಿನ ತಪ್ಪೋ, ನನ್ನ ಕೈದೋ?"

ಅವ್ವ ಮಗಳ ಮುಖ ನೋಡಿದಳು. ತಪ್ಪನ್ನು ಸೆಟ್ಟಿನ ಮೇಲೆ ಹಾಕಿದ್ದರೆ ಆ ಮನುಷ್ಯ ಸಮಾಧಾನದಿಂದ ಮನೆಗೆ ಹೋಗುತ್ತಿದ್ದ. ಅನ್ನಪೂರ್ಣಾ ಕನ್ನಡಕ ತೆಗೆದು ನೇರ ಆತನ ಕಣ್ಣನ್ನೇ ನೋಡಿದಳು.

"ಸೆಟ್ಟು ಚಲೋ ಐತ್ರಿ ಅಣ್ಣಾರ. ಕೈ ಐತಿ ಜಡ. ಹನ್ನೊಂದು ವರ್ಷ ಅದೂ ಸುಮ್ನ ಕುಂತೈತಲ್ಲ. ಶುಕ್ರಾರ, ಶನಿವಾರ, ಎರಡು ದಿನ ಐತಿ. ಮನ್ಯಾಗ ಕುಂತ್ರ ನೀವು ಬಿಟ್ಟಬಿಡ್ತೀರಿ. ಸೆಟ್ಟು ಇಲ್ಲೇ ಇರ್ಲಿ, ದಿನಾ ಬರ್ರಿ. ನೀವು ತಪ್ಪಿದಲ್ಲೆ ನಾ ಹೇಳ್ತೀನಿ."

ಗವಿಸಿದ್ದಪ್ಪ ತಲೆ ತಗ್ಗಿಸಿ ತನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿದ. ನಂತರ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು ಐದನೇ ಸಾಲಿನಿಂದ ಶುರು ಮಾಡಿದ.

"ಅಲ್ಲೆ ತಪ್ಪಿತ್ರಿ," ಎಂದಳು ಅನ್ನಪೂರ್ಣಾ.

"ಹೌದ್ರಿ," ಎಂದು ಆತ ಮತ್ತೊಮ್ಮೆ ಮೀಟಿದ.